ನೀವು ಹುಡುಕುತ್ತಿರುವುದು ‘ದಿ ಲಾಸ್ಟ್ ಕಮಾಂಡ್’

ರಷ್ಯಾದ ಸೇನಾಧಿಪತಿ ಹಾಲಿವುಡ್‌ನಲ್ಲಿ ಎಕ್ಸ್‌ಟ್ರಾ ನಟನಾಗುವ ಹಳೇ ಮೂಕಿ ಚಿತ್ರ ಯಾವುದು ಅಂತ ಕೇಳಿದ್ದೀರಿ ಅಲ್ವಾ? ಅದು ಜೋಸೆಫ್ ವಾನ್ ಸ್ಟರ್ನ್‌ಬರ್ಗ್ ನಿರ್ದೇಶಿಸಿದ 1928ರ ‘ದಿ ಲಾಸ್ಟ್ ಕಮಾಂಡ್’. 1917ರ ಕ್ರಾಂತಿಯ ಕಥೆ ಫ್ಲ್ಯಾಶ್‌ಬ್ಯಾಕ್‌ನಲ್ಲಿ ಬರುತ್ತದೆ. ಹಿಂದೆ ಆ ಸೇನಾಧಿಪತಿ ಚಾಟಿಯಿಂದ ಹೊಡೆದಿದ್ದ ಕ್ರಾಂತಿಕಾರಿಯೇ ಈಗ ಸಿನಿಮಾ ನಿರ್ದೇಶಕ!

ನನಗೆ ಜಾಸ್ತಿ ಹಿಡಿಸಿದ್ದು ಮೇಕಪ್ ಕೋಣೆಯ ದೃಶ್ಯ. ಈಗ ಮುದುಕನಾಗಿರುವ ಸೇನಾಧಿಪತಿಯ ತಲೆ ಒಂದೇ ಸಮನೆ ಅಲ್ಲಾಡುತ್ತಿರುತ್ತದೆ, ಪಕ್ಕದವನು ರೇಗುತ್ತಾನೆ. ಆಮೇಲೆ ಎದೆಗೆ ಪದಕವನ್ನು ತಪ್ಪು ಕಡೆ ಹಾಕಿದಾಗ ಮುದುಕನೇ ಸರಿಪಡಿಸುತ್ತಾನೆ. ಅಲ್ಲಿ ಹಳೇ ಗತ್ತು ಒಂದು ಕ್ಷಣ ಇಣುಕುತ್ತದೆ. ಪ್ರೇಮಕಥೆ ಮಾತ್ರ ನಂಬೋದು ಸ್ವಲ್ಪ ಕಷ್ಟ.

ಮುದುಕನಾಗಿ ನಟಿಸಿದ್ದು ಎಮಿಲ್ ಯಾನಿಂಗ್ಸ್. ಅತ್ಯುತ್ತಮ ನಟನಿಗೆ ಕೊಟ್ಟ ಮೊಟ್ಟಮೊದಲ ಆಸ್ಕರ್ ಇವರದ್ದೇ, ಇದಕ್ಕೂ ಇನ್ನೊಂದು ಚಿತ್ರಕ್ಕೂ ಸೇರಿಸಿ ಕೊಟ್ಟದ್ದು.