ಫೋನಿನಲ್ಲಿ ಡಂಪ್ ಇದೆ, ಪರೀಕ್ಷೆಗೆ 19 ದಿನ ಇದೆ

ಪ್ರಶ್ನೆ:

ಅಕ್ಕಾ, ನಾನು ಹಿರಿಯೂರು ಕಡೆಯವಳು. ಬಿ.ಎಸ್ಸಿ ಮುಗಿಸಿ ಬೆಂಗಳೂರಿಗೆ ಬಂದು ಒಂದೂವರೆ ವರ್ಷ ಆಯಿತು. ಬಿಟಿಎಂ ಲೇಔಟ್‌ನ ಒಂದು ಪಿಜಿಯಲ್ಲಿದ್ದೇನೆ. ಕೆಲಸ ಹೆಲ್ಪ್ ಡೆಸ್ಕ್‌ನಲ್ಲಿ. ಪಾಸ್‌ವರ್ಡ್ ರೀಸೆಟ್ ಮಾಡಿ ಮಾಡಿ ಸಾಕಾಗಿದೆ. ನೆಟ್‌ವರ್ಕ್ ಟೀಮಿಗೆ ಹೋಗಬೇಕು ಅಂತ ನೆಟ್‌ವರ್ಕ್ ಉಪಕರಣ ಮಾಡುವ ಸಿಸ್ಕೋ ಕಂಪನಿಯ ಸಿಸಿಎನ್‌ಎ ಸರ್ಟಿಫಿಕೇಟ್ ಪರೀಕ್ಷೆ ಬುಕ್ ಮಾಡಿದೆ. ಟ್ಯಾಕ್ಸ್ ಸೇರಿ 30 ಸಾವಿರದ ಹತ್ತಿರ ಆಯಿತು. ಅಮ್ಮ ಸ್ತ್ರೀಶಕ್ತಿ ಸಂಘದಲ್ಲಿ ಸಾಲ ತೆಗೆದು ಕಳಿಸಿದಳು.

ಭಾನುವಾರ ಬೆಳಗ್ಗೆ ಕಬ್ಬನ್ ಪಾರ್ಕಿನಲ್ಲಿ ಸೇರುವ ಒಂದು ಓದುವ ಗುಂಪಿಗೆ ಹೋಗುತ್ತಿದ್ದೆ. ಎಂಟ್ಹತ್ತು ಜನ, ಎಲ್ಲಾ ಅನುಭವ ಇರುವವರು. ಎರಡು ತಿಂಗಳ ಹಿಂದೆ ನಾನು ಕೇಳಿದೆ: ಸ್ಲ್ಯಾಶ್ 26 ನೆಟ್‌ವರ್ಕ್‌ನಲ್ಲಿ 64 ವಿಳಾಸ ಇದ್ದರೂ 62 ಮಾತ್ರ ಯಾಕೆ ಬಳಸ್ತಾರೆ? ಒಬ್ಬರು ನಕ್ಕು, ‘ಇದೂ ಗೊತ್ತಿಲ್ಲದೆ ಎಕ್ಸಾಮ್ ಬುಕ್ ಮಾಡಿದ್ಯಾ?’ ಅಂದರು. ಉಳಿದವರೂ ನಕ್ಕರು. ಉತ್ತರ ಯಾರೂ ಹೇಳಲಿಲ್ಲ. ಕಳೆದ ವಾರ, ‘ಡಂಪ್ಸ್ ಓದಿದರೆ ತಪ್ಪಾ?’ ಅಂತ, ಅಂದರೆ ಪರೀಕ್ಷೆಯಲ್ಲಿ ಬರುವ ಪ್ರಶ್ನೆ, ಉತ್ತರಗಳನ್ನೇ ಉರು ಹೊಡೆಯುವುದು ತಪ್ಪಾ ಅಂತ ಕೇಳಿದ್ದಕ್ಕಂತೂ ಮೈಮೇಲೆ ಬಂದರು. ‘ನಿಮ್ಮಂಥವರಿಂದಲೇ ನಮ್ಮ ಸರ್ಟಿಫಿಕೇಟಿಗೆ ಬೆಲೆ ಇಲ್ಲ’ ಅಂದರು. ಪಿಜಿಗೆ ಬಂದು ಅತ್ತೆ.

ನನ್ನ ರೂಮ್‌ಮೇಟ್ ಹತ್ತೇ ದಿನ ಡಂಪ್ ಓದಿ ಪಾಸಾದಳು. ಕೆಲಸವೂ ಸಿಕ್ಕಿತು. ಅವಳೇ ಪಿಡಿಎಫ್ ಕಳಿಸಿದ್ದಾಳೆ. ಮೂವತ್ತು ಪ್ರಶ್ನೆ ಆಗಲೇ ನೋಡಿಬಿಟ್ಟೆ. ರೂಟರ್‌ಗಳು ಒಂದಕ್ಕೊಂದು ದಾರಿ ಹೇಳಿಕೊಳ್ಳುವ ಓಎಸ್‌ಪಿಎಫ್, ಒಳಗಿನ ವಿಳಾಸವನ್ನು ಹೊರಗಿನದಕ್ಕೆ ಬದಲಿಸುವ ನ್ಯಾಟ್ ಇನ್ನೂ ತಲೆಗೆ ಹತ್ತಿಲ್ಲ. ಇನ್ನು 19 ದಿನ ಇದೆ. ಮೊದಲು ಪಾಸಾಗಿ, ಕೆಲಸ ಸಿಕ್ಕ ಮೇಲೆ ನಿಧಾನಕ್ಕೆ ಕಲಿಯಬಹುದಲ್ವಾ?

ಹೆಸರು ಬೇಡ, ಬೆಂಗಳೂರು

ಉತ್ತರ:

ಅಕ್ಕಾ ಅಂತ ಕರೆದಿದ್ದೀಯ. ನಾನೂ ನೀನು ಅಂತಲೇ ಬರೆಯುತ್ತೇನೆ. ಮೊದಲು ಉತ್ತರ ಹೇಳಿಬಿಡುತ್ತೇನೆ, ಮಾತು ಆಮೇಲೆ. ಆ ಪಿಡಿಎಫ್ ಅಳಿಸು. ಪರೀಕ್ಷೆ ಒಂದು ತಿಂಗಳು ಮುಂದಕ್ಕೆ ಹಾಕು. ಗುಂಪಿಗೆ ಇನ್ನೊಂದೇ ಒಂದು ಸಲ ಹೋಗು.

ನಿನ್ನ ಪತ್ರದಲ್ಲಿ ನನಗೆ ಜಾಸ್ತಿ ಚುಚ್ಚಿದ್ದು ಡಂಪ್ ವಿಷಯವಲ್ಲ, ಆ ನಗು. ಯಾಕೆಂದರೆ ಹಾಗೆ ನಕ್ಕವರಲ್ಲಿ ನಾನೂ ಒಬ್ಬಳು. ಈ ಅಂಕಣ ಬರೆಯುವುದಕ್ಕೆ ಮುಂಚೆ ಬಹಳ ವರ್ಷ ನೆಟ್‌ವರ್ಕ್ ಟೀಮಿನಲ್ಲಿದ್ದೆ. ಹೊಸದಾಗಿ ಸೇರಿದ ಹುಡುಗನೊಬ್ಬ ಡಿಫಾಲ್ಟ್ ಗೇಟ್‌ವೇ ಅಂದರೆ ಏನು ಅಂತ ಕೇಳಿದಾಗ, ಸ್ಕ್ರೀನಿನಿಂದ ತಲೆ ಎತ್ತದೆ ‘ಗೂಗಲ್ ಮಾಡು’ ಅಂದಿದ್ದೆ. ಅವನು ಮತ್ತೆ ನನ್ನ ಹತ್ತಿರ ಏನನ್ನೂ ಕೇಳಲಿಲ್ಲ. ಆರು ತಿಂಗಳಾದ ಮೇಲೆ ಒಂದು ರಾತ್ರಿ ತಪ್ಪು ಸ್ವಿಚ್ಚಿನಲ್ಲಿ ಕಮಾಂಡ್ ಹೊಡೆದು ಒಂದು ಇಡೀ ಫ್ಲೋರ್ ಬಂದ್ ಮಾಡಿದ. ‘ಯಾಕೋ ಒಂದು ಮಾತು ಕೇಳಲಿಲ್ಲ?’ ಅಂತ ನಾನೇ ಬೈದೆ. ಅವನು ಸುಮ್ಮನೆ ನಿಂತಿದ್ದ. ಏನು ತಾನೇ ಹೇಳಿಯಾನು?

ಹಾಗಂತ ಆ ಗುಂಪಿನವರ ಸಿಟ್ಟಿನಲ್ಲಿ ನಿಜವೇ ಇಲ್ಲ ಅನ್ನಲಾರೆ. ಅವರು ಓದಿದ ಕಾಲ ಬೇರೆ. ಕಂಪ್ಯೂಟರಿನಲ್ಲೇ ನೆಟ್‌ವರ್ಕ್ ಕಟ್ಟಿ ನೋಡುವ ಪ್ಯಾಕೆಟ್ ಟ್ರೇಸರ್ ಸಾಫ್ಟ್‌ವೇರ್ ಆಗ ಸಿಸ್ಕೋ ಅಕಾಡೆಮಿಯಲ್ಲಿ ಕಲಿಯುವವರಿಗೆ ಮಾತ್ರ ಅಂತ ಇತ್ತು. ಉಳಿದವರು ಎಸ್‌ಪಿ ರೋಡಿಗೆ ಹೋಗಿ ಹಳೇ 2600 ರೂಟರು, 2950 ಸ್ವಿಚ್ಚು ಹುಡುಕಿ, ಚೌಕಾಸಿ ಮಾಡಿ, ಬಿಎಂಟಿಸಿ ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಬರುತ್ತಿದ್ದರು. ಅದರ ಫ್ಯಾನಿನ ಸದ್ದಿಗೆ ಮನೆಯವರಿಗೆ ನಿದ್ದೆ ಇಲ್ಲ. ಅಷ್ಟು ಕಷ್ಟಪಟ್ಟು ತೆಗೆದುಕೊಂಡ ಸರ್ಟಿಫಿಕೇಟನ್ನೇ ಇನ್ನೊಬ್ಬರು ಹತ್ತು ದಿನ ಉರು ಹೊಡೆದು ತಂದರೆ ಹೊಟ್ಟೆ ಉರಿಯುತ್ತದೆ. ಈ ಜಗಳ ಹೊಸದೇನಲ್ಲ. ವಿಂಡೋಸ್ ಎನ್‌ಟಿ ಕಾಲದಲ್ಲೇ, ಮೈಕ್ರೋಸಾಫ್ಟ್‌ನ ಎಂಸಿಎಸ್‌ಇ ಸರ್ಟಿಫಿಕೇಟ್ ಪಡೆದವರಿಗೆ ‘ಪೇಪರ್ ಎಂಸಿಎಸ್‌ಇ’ ಅನ್ನುವ ಬೈಗುಳ ಇತ್ತು. ಕೈಯಲ್ಲಿ ಕಾಗದ ಇದೆ, ತಲೆಯಲ್ಲಿ ಏನೂ ಇಲ್ಲ ಅಂತ ಅರ್ಥ.

ಆದರೆ ಅವರು ಒಂದನ್ನು ಗಮನಿಸಿಲ್ಲ. ನೀನು ಮೊದಲು ಕೇಳಿದ್ದು ಡಂಪ್ ಅಲ್ಲ. ಸ್ಲ್ಯಾಶ್ 26 ಬಗ್ಗೆ ಕೇಳಿದೆ. ಅದು ಕಲಿಯುವವರು ಕೇಳುವ ಪ್ರಶ್ನೆ. ಡಂಪ್ ಓದುವವರಿಗೆ ‘62’ ಅಂತ ಗೊತ್ತಿದ್ದರೆ ಸಾಕು, ‘ಯಾಕೆ’ ಅನ್ನುವುದು ಬೇಕಿಲ್ಲ. ಅಲ್ಲಿ ನಕ್ಕು ಕಳಿಸಿದರು. ಎರಡು ತಿಂಗಳಾದ ಮೇಲೆ ನೀನು ಡಂಪ್ ಬಗ್ಗೆ ಕೇಳಿದೆ. ನಡುವೆ ನಡೆದದ್ದು ಏನು ಅಂತ ಅವರೇ ಯೋಚಿಸಲಿ. ಡಂಪ್ ಮಾರುವವನು ಯಾರನ್ನೂ ನೋಡಿ ನಗುವುದಿಲ್ಲ. ರಾತ್ರಿ ಹನ್ನೊಂದಕ್ಕೆ ಮೆಸೇಜ್ ಮಾಡಿದರೂ ‘ಹೇಳಿ ಮೇಡಂ’ ಅನ್ನುತ್ತಾನೆ.

ಈಗ ಡಂಪ್ ಓದಿದರೆ ತಪ್ಪಾ ಅನ್ನುವ ನಿನ್ನ ಪ್ರಶ್ನೆ. ನಿನಗೆ ಈ ಗೊಂದಲ ಯಾಕೆ ಬಂತು ಅಂತ ನನಗೆ ಗೊತ್ತು. ಪಿಯುಸಿಯಲ್ಲಿ ನಾವೆಲ್ಲ ಐದು ವರ್ಷದ ಹಳೇ ಪ್ರಶ್ನೆಪತ್ರಿಕೆ ಬಿಡಿಸಿದವರೇ. ಲೆಕ್ಚರರ್ ತಾವೇ ‘ಇದು ಇಂಪಾರ್ಟೆಂಟು, ಬಂದೇ ಬರುತ್ತೆ’ ಅಂತ ಸ್ಟಾರ್ ಹಾಕಿಸುತ್ತಿದ್ದರು. ಅದನ್ನು ಯಾರೂ ಮೋಸ ಅನ್ನಲಿಲ್ಲ. ಹಾಗಿದ್ದ ಮೇಲೆ ಇದು ಹೇಗೆ ಮೋಸ?

ವ್ಯತ್ಯಾಸ ಇಷ್ಟೇ. ಪಿಯುಸಿಯಲ್ಲಿ ಪರೀಕ್ಷೆ ಮುಗಿದ ಮೇಲೆ ಪ್ರಶ್ನೆಪತ್ರಿಕೆ ನಿನ್ನ ಕೈಯಲ್ಲೇ ಇರುತ್ತದೆ, ಮುಂದಿನ ವರ್ಷಕ್ಕೆ ಬೇರೆಯದು ತೆಗೆಯುತ್ತಾರೆ. ಇಲ್ಲಿ ಪ್ರಶ್ನೆ ಹೊರಗೆ ಬರುವಂತೆಯೇ ಇಲ್ಲ. ಒಂದೇ ಕಣಜದಿಂದ ಪ್ರಶ್ನೆ ತೆಗೆದು ತೆಗೆದು ಎಲ್ಲರಿಗೂ ಕೊಡುತ್ತಾರೆ. ಅದಕ್ಕೇ ಪರೀಕ್ಷೆ ಶುರುವಾಗುವ ಮುಂಚೆ, ಇಲ್ಲಿ ನೋಡಿದ ಪ್ರಶ್ನೆ ಹೊರಗೆ ಹೇಳುವುದಿಲ್ಲ ಅಂತ ಒಪ್ಪಿಗೆ ಕೇಳುತ್ತಾರೆ. ಒಪ್ಪಿಗೆ ಅಂತ ಒತ್ತಿ ಒಳಗೆ ಹೋದ ಯಾರೋ ನೆನಪಿಟ್ಟುಕೊಂಡು ಬಂದು ಮಾರಿದ್ದೇ ಡಂಪ್. ಕದ್ದ ಪ್ರಶ್ನೆ ಓದಿ ಬರೆದರೂ ನಿಯಮ ಮುರಿದಂತೆಯೇ. ಸಿಕ್ಕಿಬಿದ್ದರೆ ಸ್ಕೋರ್ ರದ್ದು ಮಾಡಬಹುದು, ಸರ್ಟಿಫಿಕೇಟ್ ವಾಪಸ್ ಪಡೆಯಬಹುದು, ಮತ್ತೆ ಪರೀಕ್ಷೆ ಬರೆಯದಂತೆಯೂ ಮಾಡಬಹುದು. ಇದನ್ನು ಆ ಗುಂಪಿನವರು ಎರಡು ನಿಮಿಷದಲ್ಲಿ ನಿನಗೆ ಹೇಳಬಹುದಿತ್ತು.

ಪ್ರಾಕ್ಟೀಸ್ ಟೆಸ್ಟ್ ಬೇರೆ, ಅದು ಮಾಡು. ಎರಡನ್ನೂ ಗುರುತು ಹಿಡಿಯುವುದು ಸುಲಭ. ‘ಇದೇ ಪ್ರಶ್ನೆ ಬರುತ್ತೆ, ಗ್ಯಾರಂಟಿ’ ಅಂದರೆ ಡಂಪ್. ತಪ್ಪು ಉತ್ತರ ಯಾಕೆ ತಪ್ಪು ಅಂತಲೂ ವಿವರಿಸಿದ್ದರೆ ಅದು ಕಲಿಸುವುದಕ್ಕೆ ಬರೆದದ್ದು. ಅಂದಹಾಗೆ, ಡಂಪ್‌ನಲ್ಲಿ ತಪ್ಪು ಉತ್ತರಗಳೂ ಬೇಕಾದಷ್ಟು ಇರುತ್ತವೆ. ಕದ್ದ ಮಾಲಿಗೆ ಯಾರ ಹತ್ತಿರ ದೂರು ಕೊಡುತ್ತೀಯ?

ನಿನ್ನ ರೂಮ್‌ಮೇಟ್ ನಾಳೆಯೇ ಸಿಕ್ಕಿಬೀಳುತ್ತಾಳೆ ಅಂತ ನಾನು ಹೆದರಿಸುವುದಿಲ್ಲ. ಬೀಳದೆಯೂ ಇರಬಹುದು. ಡಂಪ್ ಓದಿ ಪಾಸಾಗಿ, ಕೆಲಸದಲ್ಲಿ ಒದ್ದಾಡಿ, ಆಮೇಲೆ ಚೆನ್ನಾಗಿಯೇ ಕಲಿತವರನ್ನು ನೋಡಿದ್ದೇನೆ. ಆದರೆ ಇನ್ನೊಂದು ಮುಖವನ್ನೂ ನೋಡಿದ್ದೇನೆ. ಒಂದು ಇಂಟರ್‌ವ್ಯೂನಲ್ಲಿ ಬೋರ್ಡಿನ ಮೇಲೆ ಒಂದು ಸ್ವಿಚ್ಚು, ಎರಡು ಪಿಸಿ ಬರೆದು, ಎರಡೂ ಬೇರೆ ಬೇರೆ ವಿಲ್ಯಾನ್‌ನಲ್ಲಿವೆ (ಒಂದೇ ಸ್ವಿಚ್ಚಿನೊಳಗೆ ಬೇರೆ ಮಾಡಿದ ನೆಟ್‌ವರ್ಕ್‌ಗಳು), ಮಾತಾಡುತ್ತಿಲ್ಲ, ಯಾಕಿರಬಹುದು ಅಂತ ಕೇಳಿದೆ. ಫೈಲಿನಲ್ಲಿ ಸಿಸಿಎನ್‌ಎ ಇತ್ತು. ಹುಡುಗ ಸ್ವಲ್ಪ ಹೊತ್ತು ನೋಡಿ, ‘ಆಪ್ಷನ್ಸ್ ಇದೆಯಾ ಮೇಡಂ?’ ಅಂದ. ನಾವು ಮೂರೂ ಜನ ನಕ್ಕುಬಿಟ್ಟೆವು. ಆಮೇಲೆ ಕೇಳಿದರೆ, ಅವನು ಸೇರಿದ್ದ ಟ್ರೈನಿಂಗ್ ಸೆಂಟರಿನವರೇ ಡಂಪಿಗೆ ತಮ್ಮ ಹೆಸರು ಹಾಕಿ, ಬೈಂಡ್ ಮಾಡಿಸಿ, ಕೋರ್ಸ್ ಮೆಟೀರಿಯಲ್ ಅಂತ ಕೊಟ್ಟಿದ್ದರು. ಅದು ಡಂಪ್ ಅಂತಲೇ ಅವನಿಗೆ ಗೊತ್ತಿರಲಿಲ್ಲ. ಊರಲ್ಲಿ ಸಾಲ ಮಾಡಿ ಫೀಸು ಕಟ್ಟಿದ್ದ. ನಿನ್ನ ಪತ್ರ ಓದಿದಾಗ ಅವನೇ ಕಣ್ಣ ಮುಂದೆ ಬಂದ.

‘ಪಾಸಾದ ಮೇಲೆ ಕಲಿಯುತ್ತೇನೆ’ ಅನ್ನುತ್ತೀಯ. ಯಾವಾಗ? ನೆಟ್‌ವರ್ಕ್ ಟೀಮಿನಲ್ಲಿ ಹೊಸಬರಿಗೆ ಮೊದಲು ಸಿಗುವುದು ನೈಟ್ ಶಿಫ್ಟು. ರಾತ್ರಿ ಎರಡಕ್ಕೆ ಲಿಂಕ್ ಬಿದ್ದಾಗ ಪಕ್ಕದಲ್ಲಿ ಯಾರೂ ಇರುವುದಿಲ್ಲ. ಈಗ ಒಂದು ಪ್ರಶ್ನೆ ಕೇಳುವುದಕ್ಕೇ ನಿನಗೆ ನಾಚಿಕೆ ಆಗಿದೆ. ಸರ್ಟಿಫಿಕೇಟ್ ಇಟ್ಟುಕೊಂಡು ಅದೇ ಪ್ರಶ್ನೆ ಕೇಳುವುದು ಇನ್ನೂ ಕಷ್ಟ. ಆಗ ಕೇಳುವುದನ್ನೇ ಬಿಟ್ಟುಬಿಡುತ್ತೀಯ. ನನ್ನ ಭಯ ಅದು.

ಇನ್ನು ಮಾಡುವುದು ಏನು ಅಂದರೆ, ಬುಕ್ ಮಾಡಿದ ಕಡೆಯಲ್ಲೇ ರೀಶೆಡ್ಯೂಲ್ ಮಾಡಲು ಬರುತ್ತದೆ. ದಿನ ತೀರಾ ಹತ್ತಿರ ಬರುವ ತನಕ ಕಾಯಬೇಡ, ಇವತ್ತೇ ನೋಡು. ಫೇಲಾದರೆ ಐದು ದಿನ ಕಾಯ್ದು ಮತ್ತೆ ಬರೆಯಬಹುದು, ಆದರೆ ಫೀಸು ಮತ್ತೆ ಪೂರ್ತಿ ಕಟ್ಟಬೇಕು. ಅಮ್ಮನ ಸಾಲದ ಲೆಕ್ಕದಲ್ಲಿ ನೋಡಿದರೂ ಒಂದು ತಿಂಗಳು ತಡ ಆಗುವುದೇ ಮೇಲು. ಅಮ್ಮನಿಗೂ ಫೋನ್ ಮಾಡಿ ಹೇಳಿಬಿಡು. ಅವರಿಗೆ ಓಎಸ್‌ಪಿಎಫ್ ಅರ್ಥ ಆಗಬೇಕಾಗಿಲ್ಲ, ‘ಇನ್ನೂ ಓದೋದಿದೆ’ ಅಂದರೆ ಸಾಕು.

ಓಎಸ್‌ಪಿಎಫ್‌ಗೆ ಜಾಸ್ತಿ ಸಮಯ ಕೊಡು, ನ್ಯಾಟ್‌ಗೆ ಕಡಿಮೆ. ರೂಟಿಂಗ್ ಇರುವ ಭಾಗಕ್ಕೆ ಪರೀಕ್ಷೆಯಲ್ಲಿ ಶೇ 25ರಷ್ಟು ತೂಕ ಇದೆ. ನ್ಯಾಟ್ ಇರುವ ಐಪಿ ಸರ್ವಿಸಸ್ ಭಾಗಕ್ಕೆ ಶೇ 10 ಮಾತ್ರ, ಅದರಲ್ಲೂ ನ್ಯಾಟ್ ಒಂದು ತುಂಡು. ಪ್ಯಾಕೆಟ್ ಟ್ರೇಸರ್ ಈಗ ಎಲ್ಲರಿಗೂ ಪುಕ್ಕಟೆ. ಎರಡು ರೂಟರ್ ಜೋಡಿಸಿ ಓಎಸ್‌ಪಿಎಫ್ ಹಾಕು. ನೇಬರ್, ಅಂದರೆ ಪಕ್ಕದ ರೂಟರ್, ‘ಫುಲ್’ ಅಂತ ಬಂದ ಮೇಲೆ ಒಂದು ಕಡೆ, ಪಕ್ಕದ ರೂಟರಿಗೆ ‘ಇದ್ದೀನಿ’ ಅಂತ ಆಗಾಗ ಹೇಳುವ ಹಲೋ ಟೈಮರನ್ನು 10 ಸೆಕೆಂಡಿನಿಂದ 5ಕ್ಕೆ ಇಳಿಸಿ ಸುಮ್ನೆ ನೋಡುತ್ತಾ ಕೂರು. ಸ್ವಲ್ಪ ಹೊತ್ತಿಗೆ ಎರಡೂ ರೂಟರ್ ಮಾತು ಬಿಡುತ್ತವೆ. ಯಾಕೆ ಅಂತ ಹುಡುಕು. ಸರಿ ಮಾಡು. ಆಮೇಲೆ ಏರಿಯಾ ನಂಬರ್ ಬದಲಾಯಿಸಿ ಮತ್ತೆ ಕೆಡಿಸು. ಹೀಗೆ ಹತ್ತು ಸಲ ಕೆಡಿಸಿದರೆ, ಪರೀಕ್ಷೆಯಲ್ಲಿ ಲ್ಯಾಬ್ ಪ್ರಶ್ನೆ ಬಂದು ಕಮಾಂಡ್ ಹೊಡಿ ಅಂದಾಗ ಕೈ ನಡುಗುವುದಿಲ್ಲ. 120 ನಿಮಿಷದ ಪರೀಕ್ಷೆ ಅದು, ಒಂದು ಸಲ ಮುಂದೆ ಹೋದರೆ ಹಿಂದಿನ ಪ್ರಶ್ನೆಗೆ ಬರುವ ಹಾಗಿಲ್ಲ. ಉರು ಹೊಡೆದವರು ಹೆದರುವುದು ಅಲ್ಲೇ.

ನೋಡಿಬಿಟ್ಟ ಮೂವತ್ತು ಪ್ರಶ್ನೆಯನ್ನು ತಲೆಯಿಂದ ಅಳಿಸಲು ಆಗುವುದಿಲ್ಲ. ಅದಕ್ಕಾಗಿ ಕೊರಗುತ್ತಾ ಕೂರಬೇಡ. ಆ ವಿಷಯಗಳನ್ನು ಪುಸ್ತಕ ಇಟ್ಟುಕೊಂಡು ಬೇರಿನಿಂದ ಓದು. ಒಂದು ತಿಂಗಳಲ್ಲಿ ಪ್ರಶ್ನೆಯ ಅಕ್ಷರಗಳು ಮರೆತು ವಿಷಯ ಮಾತ್ರ ಉಳಿಯುತ್ತದೆ. ರೂಮ್‌ಮೇಟ್‌ಗೆ ಉಪದೇಶ ಮಾಡಲು ಹೋಗಬೇಡ. ಒಂದೇ ಕೋಣೆಯಲ್ಲಿ ಬಾಳಬೇಕು. ಅವಳೂ ನಿನಗೆ ಒಳ್ಳೆಯದಾಗಲಿ ಅಂತಲೇ ಕಳಿಸಿದ್ದು.

ಗುಂಪಿನ ವಿಷಯ. ಈ ಭಾನುವಾರ ಲ್ಯಾಪ್‌ಟಾಪ್ ತೆಗೆದುಕೊಂಡು ಹೋಗು. ಎಲ್ಲರಿಗೂ ಕೇಳುವ ಹಾಗೆ ಹೇಳಬೇಡ. ಅವತ್ತು ಜೋರಾಗಿ ನಗದೆ ಪಕ್ಕಕ್ಕೆ ನೋಡಿದವರು ಒಬ್ಬರಾದರೂ ಇದ್ದೇ ಇರುತ್ತಾರೆ, ಅವರನ್ನು ಹಿಡಿ. ‘ಡಂಪ್ ಬಗ್ಗೆ ಗೊತ್ತಿಲ್ಲದೆ ಕೇಳಿದ್ದೆ ಸರ್, ಈಗ ಗೊತ್ತಾಯ್ತು. ನ್ಯಾಟ್ ಹಾಕಿದ್ದೀನಿ, ಒಳಗಿಂದ ಹೊರಗೆ ಪಿಂಗ್ ಹೋಗ್ತಿಲ್ಲ. ಐದು ನಿಮಿಷ ನೋಡ್ತೀರಾ?’ ಇಷ್ಟು ಸಾಕು. ಕ್ಷಮೆ ಕೇಳುವಂಥದ್ದೇನೂ ನೀನು ಮಾಡಿಲ್ಲ. ಕೆಟ್ಟಿರುವ ನೆಟ್‌ವರ್ಕ್ ಕಣ್ಣಿಗೆ ಬಿದ್ದರೆ ನಮ್ಮ ಕಸುಬಿನವರಿಗೆ ಕೈ ಕಟ್ಟಿ ಕೂರಲು ಆಗುವುದಿಲ್ಲ, ಇದು ನನ್ನ ಅನುಭವ. ಅಷ್ಟಾದರೂ ಮುಖ ತಿರುಗಿಸಿದರೆ ಎದ್ದು ಬಾ. ಬರುವಾಗ ಕಬ್ಬನ್ ಪಾರ್ಕಿನಲ್ಲಿ ಒಂದು ರೌಂಡು ಹಾಕು. ನಿನ್ನ ಹೆಲ್ಪ್ ಡೆಸ್ಕಿನಲ್ಲೇ ನಿನ್ನ ಹಾಗೆ ಪಾಸ್‌ವರ್ಡ್ ರೀಸೆಟ್ ಮಾಡಿ ಬೇಸತ್ತವರು ಇನ್ನಿಬ್ಬರು ಸಿಗುತ್ತಾರೆ, ಅವರ ಜೊತೆ ಓದು.

ಕೊನೆಗೆ, ಎರಡು ತಿಂಗಳಿಂದ ಯಾರೂ ಉತ್ತರ ಕೊಡದ ಪ್ರಶ್ನೆ. 192.168.10.0 ಸ್ಲ್ಯಾಶ್ 26 ಅಂತ ಇಟ್ಟುಕೋ. ಕೊನೆಯ ಅಂಕಿ 0ಯಿಂದ 63ರ ತನಕ ಹೋಗುತ್ತದೆ, ಒಟ್ಟು 64. ಒಂದು ಬೀದಿ ಅಂದುಕೋ. 0 ಆ ಬೀದಿಯ ಹೆಸರು. ಬೀದಿಯ ಹೆಸರನ್ನು ಒಂದು ಮನೆಗೆ ಇಡಲು ಬರುವುದಿಲ್ಲ. 63 ಇರುವುದು ಬೀದಿಯವರಿಗೆಲ್ಲ ಒಟ್ಟಿಗೆ ಕೂಗಿ ಹೇಳುವುದಕ್ಕೆ, ಅದನ್ನು ಬ್ರಾಡ್‌ಕಾಸ್ಟ್ ಅನ್ನುತ್ತಾರೆ. ಅದನ್ನೂ ಒಂದು ಮನೆಗೆ ಕೊಡಲಾಗದು. ಉಳಿದದ್ದು 1ರಿಂದ 62. ಬೀದಿಯಿಂದ ಹೊರಗೆ ಹೋಗಬೇಕಾದರೆ ಗೇಟ್‌ವೇ ಬೇಕು, ರೂಟರಿಗೂ ಈ 62ರಲ್ಲೇ ಒಂದು ವಿಳಾಸ ಕೊಡಬೇಕು. ಹಾಗಾಗಿ ಪಿಸಿಗಳಿಗೆ ಅಂತ ಲೆಕ್ಕ ಹಾಕಿದರೆ 61. 64ರಿಂದ ಪಕ್ಕದ ಬೀದಿ ಶುರು. ಆ ಬೀದಿಯ ಬ್ರಾಡ್‌ಕಾಸ್ಟ್ ಯಾವುದು ಅಂತ ನೀನೇ ಲೆಕ್ಕ ಹಾಕಿ ನನಗೆ ಬರೆ.