ನಲವತ್ತು ಗಜದ ಓಟವೂ ರಿಸೀವರನ ಆಟವೂ

ಓದುಗರ ಪತ್ರ: “ನಾವು ಒಹಾಯೋದ ಕೊಲಂಬಸ್‌ನಲ್ಲಿ ನೆಲೆಸಿ ಬಹಳ ವರ್ಷವಾಯಿತು. ಶನಿವಾರ ಬಂತೆಂದರೆ ಮನೆಯಲ್ಲಿ ಕಾಲೇಜುಗಳ ಅಮೆರಿಕನ್ ಫುಟ್‌ಬಾಲ್ ಬಿಟ್ಟು ಬೇರೆ ಮಾತಿಲ್ಲ. ಮಗನ ಕಾಲೇಜಿನ ವೈಡ್ ರಿಸೀವರ್, ಅಂದರೆ ಮುಂದೆ ಓಡಿ ಪಾಸು ಹಿಡಿಯುವ ಆಟಗಾರ, ಒಬ್ಬ ವೃತ್ತಿಪರರ ಲೀಗ್ ಆದ ಎನ್‌ಎಫ್‌ಎಲ್‌ಗೆ ಹೋಗಿ ಹೆಸರು ಮಾಡುತ್ತಾನೆ ಎಂದು ಅವನ ವಾದ. ಆ ಹುಡುಗ 40 ಗಜ ಓಡಲು 4.6 ಸೆಕೆಂಡ್ ತೆಗೆದುಕೊಳ್ಳುತ್ತಾನೆ. ಇಷ್ಟು ನಿಧಾನದವನು ದೊಡ್ಡ ಆಟಕ್ಕೆ ಆಗಿಬರುವುದಿಲ್ಲ ಎಂಬುದು ನನ್ನ ಮಾತು. ಗಡಿಯಾರ ಸುಳ್ಳು ಹೇಳುತ್ತದೆಯೇ? ತಾವೇ ತೀರ್ಪು ಕೊಡಿ.”

ಮಾನ್ಯರೇ,

ತೀರ್ಪು ನಿಮ್ಮ ಮಗನ ಕಡೆಗೆ. ಕಾರಣ ಸ್ವಲ್ಪ ಉದ್ದವಾಗುತ್ತದೆ, ಸಾವಧಾನವಾಗಿ ಓದಿ.

ವೇಗ ಬೇಡವೆಂದು ಯಾರೂ ಹೇಳಲಾರರು. ನಿಮ್ಮೂರಿನ ಒಹಾಯೋ ಸ್ಟೇಟ್‌ನಲ್ಲಿ ಆಡಿದ ಟೆರಿ ಮೆಕ್ಲಾರಿನ್ ಕಾಲೇಜಿನ ಕೊನೆಯ ವರ್ಷ ಹಿಡಿದದ್ದು 35 ಚೆಂಡು ಮಾತ್ರ. 2019ರಲ್ಲಿ 40 ಗಜವನ್ನು 4.35 ಸೆಕೆಂಡಿನಲ್ಲಿ ಓಡಿದ, ಎನ್‌ಎಫ್‌ಎಲ್ ತಂಡಗಳು ಹೊಸ ಆಟಗಾರರನ್ನು ಸರದಿಯಲ್ಲಿ ಆರಿಸುವ ಡ್ರಾಫ್ಟ್‌ನ ಮೂರನೇ ಸುತ್ತಿನಲ್ಲಿ ವಾಷಿಂಗ್ಟನ್ ತಂಡ ಆರಿಸಿಕೊಂಡಿತು, ಮೊದಲ ವರ್ಷವೇ ಪಾಸು ಹಿಡಿದು 919 ಗಜ ಗಳಿಸಿದ. ಅಷ್ಟರ ಮಟ್ಟಿಗೆ ನಿಮ್ಮ ಮಾತು ಸರಿ.

ಈಗ 2017ಕ್ಕೆ ಬನ್ನಿ. ಡ್ರಾಫ್ಟ್‌ಗೆ ಮುಂಚೆ ಕಾಲೇಜು ಆಟಗಾರರನ್ನು ಪರೀಕ್ಷಿಸಲು ಇಂಡಿಯಾನಾಪೊಲಿಸ್‌ನಲ್ಲಿ ಪ್ರತಿವರ್ಷ ನಡೆಯುವ ಕಂಬೈನ್‌ನಲ್ಲಿ ಜಾನ್ ರಾಸ್ ಎಂಬ ಹುಡುಗ 4.22 ಸೆಕೆಂಡಿನಲ್ಲಿ ಓಡಿ ಅಲ್ಲಿಯವರೆಗಿನ ದಾಖಲೆ ಮುರಿದ. ಸಿನ್ಸಿನಾಟಿ ತಂಡ ಅವನನ್ನು ಡ್ರಾಫ್ಟ್‌ನ 9ನೆಯವನಾಗಿ ಎತ್ತಿಕೊಂಡಿತು. ಮೊದಲ ಋತುವಿನಲ್ಲಿ ಅವನು ಒಂದು ಪಾಸನ್ನೂ ಹಿಡಿಯಲಿಲ್ಲ. ಅದೇ ಕಂಬೈನ್‌ನಲ್ಲಿ, ಅದೇ ದಾರಿಯಲ್ಲಿ, ಕೂಪರ್ ಕಪ್ 4.62ರಲ್ಲಿ ಓಡಿದ. ಈಸ್ಟರ್ನ್ ವಾಷಿಂಗ್ಟನ್ ಎಂಬ, ದೊಡ್ಡ ಕಾಲೇಜುಗಳ ವಿಭಾಗಕ್ಕೆ ಸೇರದ ತಂಡದವನು. ಕಾಲೇಜಿನಲ್ಲಿ 428 ಚೆಂಡು ಹಿಡಿದಿದ್ದರೂ ಡ್ರಾಫ್ಟ್‌ನಲ್ಲಿ ಅವನ ಸರದಿ ಬಂದದ್ದು 69ನೆಯದಾಗಿ. 2021ರಲ್ಲಿ ಅವನೇ ಕ್ಯಾಚು, ಗಜ, ಟಚ್‌ಡೌನ್ (ಎದುರಾಳಿಯ ಕೊನೆಗೆರೆ ದಾಟಿ ಅಂಕ ಗಳಿಸುವುದು) ಮೂರರಲ್ಲೂ ಲೀಗಿಗೆ ಮೊದಲಿಗನಾದ: 145 ಕ್ಯಾಚು, 1,947 ಗಜ, 16 ಟಚ್‌ಡೌನ್. ಆ ಋತುವಿನ ಅಂತಿಮ ಪಂದ್ಯವಾದ ಸೂಪರ್ ಬೌಲ್‌ನಲ್ಲಿ ಶ್ರೇಷ್ಠ ಆಟಗಾರನೂ ಅವನೇ. ನಿಮ್ಮ ಮಗ ಮೆಚ್ಚಿದ ಹುಡುಗನದೂ 4.6 ಅಲ್ಲವೇ?

ದೂರ ಹೋಗುವುದೂ ಬೇಡ. ಒಹಾಯೋ ಸ್ಟೇಟ್‌ನ ಮೈಕಲ್ ಥಾಮಸ್ ಓಡಿದ್ದು 4.57. 2016ರಲ್ಲಿ 47ನೆಯವನಾಗಿ ನ್ಯೂ ಆರ್ಲಿಯನ್ಸ್‌ಗೆ ಹೋದ, 2019ರಲ್ಲಿ ಒಂದೇ ಋತುವಿನಲ್ಲಿ 149 ಕ್ಯಾಚು ಹಿಡಿದು ದಾಖಲೆ ಮಾಡಿದ. ಮಾರ್ವಿನ್ ಹ್ಯಾರಿಸನ್ ಜೂನಿಯರ್ ಕಂಬೈನ್‌ನಲ್ಲಿ ಓಡಲೇ ಇಲ್ಲ. ಆದರೂ 2024ರಲ್ಲಿ ಅರಿಜೋನಾ ತಂಡ ಅವನನ್ನು 4ನೆಯವನಾಗಿ ಆರಿಸಿತು. ಕೊಲಂಬಸ್‌ನಲ್ಲಿ ಕೂತು ಇದನ್ನೆಲ್ಲ ಕಣ್ಣಾರೆ ಕಂಡ ನೀವು ಗಡಿಯಾರದ ಪರ ವಾದಿಸುವುದೆಂದರೆ ನನಗೆ ಬೇಸರವೇ.

ಆಟದಲ್ಲಿ ರಿಸೀವರ್ ಏನು ಮಾಡುತ್ತಾನೆ ನೋಡಿ. ಎದುರಿಗೆ ಮೂಗಿಗೆ ಮೂಗು ತಾಗುವಷ್ಟು ಹತ್ತಿರ ಅವನನ್ನು ತಡೆಯುವ ಎದುರಾಳಿ, ಕಾರ್ನರ್‌ಬ್ಯಾಕ್, ನಿಂತಿರುತ್ತಾನೆ. ಚೆಂಡು ಎದ್ದ ಕೂಡಲೇ ಅವನ ಕೈ ಇವನ ಎದೆಗೆ ಬರುತ್ತದೆ. ಆ ಕೈಯನ್ನು ತಟ್ಟಿಹಾಕಿ, ಭುಜ ತಗ್ಗಿಸಿ, ಅವನ ಪಕ್ಕದಿಂದ ನುಸುಳಬೇಕು. ಹನ್ನೆರಡು ಗಜ ಹೋಗುವವರೆಗೂ ತಾನು ಎತ್ತ ತಿರುಗುತ್ತೇನೆಂದು ಕಣ್ಣಾಗಲಿ ಸೊಂಟವಾಗಲಿ ಹೇಳಿಕೊಡಬಾರದು. ಆಮೇಲೆ ಒಂದೇ ಹೆಜ್ಜೆಯಲ್ಲಿ ಸೊಂಟ ಇಳಿಸಿ, ಪಾದ ಊರಿ, ಅಡ್ಡ ತಿರುಗಬೇಕು. ಎಡವಟ್ಟು ರಿಸೀವರ್ ನಿಲ್ಲಲು ನಾಲ್ಕೈದು ಸಣ್ಣ ಹೆಜ್ಜೆ ತೆಗೆದುಕೊಳ್ಳುತ್ತಾನೆ. ಅಷ್ಟರಲ್ಲಿ ಕಾರ್ನರ್‌ಬ್ಯಾಕ್ ಮೈಮೇಲೆ ಬಂದಾಗಿರುತ್ತದೆ. ಬದಿಗೆರೆಯ ಹತ್ತಿರ ಇನ್ನೊಂದು ಕಷ್ಟ: ಕಾಲೇಜಿನಲ್ಲಿ ಚೆಂಡು ಹಿಡಿದಾಗ ಒಂದು ಪಾದ ಗೆರೆಯೊಳಗಿದ್ದರೆ ಸಾಕು, ಎನ್‌ಎಫ್‌ಎಲ್‌ನಲ್ಲಿ ಎರಡೂ ಇರಬೇಕು. ಕಾಲೇಜಿನಲ್ಲೇ ಎರಡನೇ ಪಾದವನ್ನೂ ಒಳಗೆ ಎಳೆದುಕೊಳ್ಳುವ ಹುಡುಗನಿದ್ದರೆ ನಾನು ಅವನ ಹೆಸರು ಬರೆದಿಟ್ಟುಕೊಳ್ಳುತ್ತೇನೆ. ಇದರಲ್ಲಿ ಯಾವುದನ್ನು ನಿಮ್ಮ 40 ಗಜದ ಓಟ ಅಳೆಯಿತು? ಅಡುಗೆ ಭಟ್ಟರನ್ನು ಈರುಳ್ಳಿ ಎಷ್ಟು ಬೇಗ ಹೆಚ್ಚುತ್ತಾರೆಂದು ನೋಡಿ ಮದುವೆಗೆ ಗೊತ್ತುಮಾಡಿದ ಹಾಗಾಯಿತು.

ಕ್ಯಾಚುಗಳ ಪಟ್ಟಿಯನ್ನೂ ಕಣ್ಣುಮುಚ್ಚಿ ನಂಬಬೇಡಿ. ಕಾಲೇಜು ತಂಡಗಳು ಆಟ ಶುರುವಾಗುವ ಗೆರೆಯ ಹಿಂದೆಯೇ ಅಡ್ಡ ಪಾಸು ಕೊಟ್ಟು ಓಡಿಸುವುದು ಹೆಚ್ಚು. ಅದರಿಂದ ಸಂಖ್ಯೆ ಉಬ್ಬುತ್ತದೆ, ರೂಟ್, ಅಂದರೆ ಮೊದಲೇ ಗೊತ್ತುಮಾಡಿದ ದಾರಿ, ಓಡುವ ವಿದ್ಯೆ ಬರುವುದಿಲ್ಲ. ಇಪ್ಪತ್ಮೂರು ವರ್ಷದವನು ಹದಿನೆಂಟರ ಹುಡುಗರ ಮುಂದೆ ಮೆರೆದರೆ ಅದಕ್ಕೂ ಬೆಲೆ ಕಡಿಮೆ.

ದೂರದರ್ಶನವಂತೂ ದೊಡ್ಡ ಅಡ್ಡಿ. ಕ್ಯಾಮೆರಾ ಚೆಂಡಿನ ಹಿಂದೆ ಹೋಗುತ್ತದೆ, ರಿಸೀವರ್ ಹತ್ತು ಗಜ ದಾಟಿದರೆ ಪರದೆಯಿಂದಲೇ ಮಾಯ. ತಂಡದವರು ಎತ್ತರದಿಂದ ಇಪ್ಪತ್ತೆರಡು ಆಟಗಾರರನ್ನೂ ಒಟ್ಟಿಗೆ ತೋರಿಸುವ ಚಿತ್ರಣ ನೋಡುವುದು ಅದಕ್ಕೇ. ನೀವು ಪುಣ್ಯವಂತರು, ಒಂದು ಲಕ್ಷಕ್ಕಿಂತ ಹೆಚ್ಚು ಜನ ಕೂರುವ ಒಹಾಯೋ ಸ್ಟೇಡಿಯಂ ನಿಮ್ಮೂರಿನಲ್ಲೇ ಇದೆ. ಮೈದಾನದ ತುದಿಯ ಎಂಡ್ ಜೋನ್ ಹಿಂದೆ ಮೇಲಿನ ಸಾಲಿನಲ್ಲಿ ಕೂತು ಒಬ್ಬ ರಿಸೀವರನನ್ನೇ ನೋಡಿ. ಚೆಂಡು ತನ್ನ ಕಡೆ ಬರುವುದಿಲ್ಲವೆಂದು ಗೊತ್ತಿದ್ದೂ ರೂಟನ್ನು ಪೂರ್ತಿ ಓಡುತ್ತಾನೆಯೇ? ಬೇರೆಯವನು ಚೆಂಡು ಹಿಡಿದು ಓಡುವಾಗ ಅವನಿಗಾಗಿ ಎದುರಾಳಿಯನ್ನು ತಡೆಯುತ್ತಾನೆಯೇ? ಒಂದು ಪಾಸ್ ಕೈಜಾರಿದ ಮೇಲೆ ಮುಂದಿನದಕ್ಕೆ ಅಂಜದೆ ಕೈ ಚಾಚುತ್ತಾನೆಯೇ?

ಜೆರ್ರಿ ರೈಸ್ ಆಡಿದ್ದು ಮಿಸಿಸಿಪ್ಪಿ ವ್ಯಾಲಿ ಸ್ಟೇಟ್ ಎಂಬ ಸಣ್ಣ ಕಾಲೇಜಿನಲ್ಲಿ. ತಂದೆ ಗಾರೆ ಕೆಲಸದವರು. ಅಣ್ಣತಮ್ಮಂದಿರು ಎಸೆದ ಇಟ್ಟಿಗೆ ಹಿಡಿದು ಹಿಡಿದು ಕೈ ಪಳಗಿಸಿಕೊಂಡ ಹುಡುಗ. ಅವನ ವೇಗದ ಮೇಲೆ ಹಲವರಿಗೆ ಅನುಮಾನವಿತ್ತು. 1985ರಲ್ಲಿ ಅವನಿಗಿಂತ ಮೊದಲು ಅಲ್ ಟೂನ್, ಎಡ್ಡಿ ಬ್ರೌನ್ ಎಂಬ ಇಬ್ಬರು ರಿಸೀವರರು ಆಯ್ಕೆಯಾದರು. 16ನೆಯವನಾಗಿ ಸ್ಯಾನ್ ಫ್ರಾನ್ಸಿಸ್ಕೋಗೆ ಬಂದ ರೈಸ್ ನಿವೃತ್ತನಾಗುವಾಗ 1,549 ಕ್ಯಾಚು, 22,895 ಗಜ ಗಳಿಸಿದ್ದ. ಆ ಎರಡೂ ದಾಖಲೆಗಳನ್ನು ಇಂದಿಗೂ ಯಾರೂ ಮುರಿದಿಲ್ಲ.

ನನ್ನ ಸಂಕಟ ಇಷ್ಟಕ್ಕೇ ಮುಗಿಯುವುದಿಲ್ಲ. ಡಾಲಸ್ ಹತ್ತಿರದ ಬಂಧುಗಳ ಮನೆಗೆ ಹೋಗಿದ್ದಾಗ ಅಲ್ಲಿನ ಶಾಲಾ ಮೈದಾನದಲ್ಲಿ ರಿಸೀವರ್ ಆಗಬೇಕೆಂಬ ಹುಡುಗನೊಬ್ಬನಿಗೆ ಖಾಸಗಿ ತರಬೇತುದಾರರು ಪಾಠ ಹೇಳುತ್ತಿದ್ದುದನ್ನು ನೋಡಿದೆ. 40 ಗಜದ ಓಟ ಶುರುಮಾಡಲು ನೆಲಕ್ಕೆ ಕೈ ಊರುವುದು ಹೇಗೆ, ಮೊದಲ ಹೆಜ್ಜೆ ಎಷ್ಟುದ್ದ, ತಲೆ ಯಾವಾಗ ಎತ್ತಬೇಕು. ಸಂಜೆ ಕತ್ತಲಾಗುವ ತನಕ ಅದೇ, ಅವನ ಕೈಗೆ ಒಂದು ಚೆಂಡೂ ಬೀಳಲಿಲ್ಲ. ಹದಿನಾರಕ್ಕೆಲ್ಲ ಹುಡುಗರ ಹೆಸರಿನ ಮುಂದೆ ಯೋಗ್ಯತೆಯ ಗುರುತೆಂದು ನಕ್ಷತ್ರ ಅಂಟಿಸುತ್ತಾರೆ: ಇವನು ಐದು, ಅವನು ಮೂರು. 2021ರ ಜುಲೈನಿಂದ ಕಾಲೇಜು ಆಟಗಾರರು ಜಾಹೀರಾತು ಮುಂತಾದವಕ್ಕೆ ತಮ್ಮ ಹೆಸರು ಕೊಟ್ಟು ಹಣ ಗಳಿಸಬಹುದಾಯಿತು, 2025ರ ಜುಲೈನಿಂದ ಕಾಲೇಜುಗಳೇ ನೇರವಾಗಿ ಹಣ ಕೊಡಬಹುದು. ಬೆವರು ಸುರಿಸುವವರಿಗೆ ದುಡ್ಡು ಸಿಗುವುದು ನ್ಯಾಯವೇ. ಆದರೆ ಕಾಸು ಹೆಚ್ಚಾದಷ್ಟೂ ನಕ್ಷತ್ರದ, ಸೆಕೆಂಡಿನ ಭಜನೆಯೂ ಹೆಚ್ಚಾಗಿದೆ.

ನಮ್ಮ ಕನ್ನಡದ ಕ್ರೀಡಾ ಪುಟಗಳ ಮೇಲೂ ನನಗೆ ಇದೇ ಮುನಿಸು. ಎಷ್ಟು ರನ್, ಎಷ್ಟು ಚೆಂಡು, ಎಷ್ಟು ಕೋಟಿ, ಅಲ್ಲಿಗೆ ವರದಿ ಮುಗಿಯಿತು. ಬ್ಯಾಟ್ಸ್‌ಮನ್ ಕಾಲು ಎಲ್ಲಿಟ್ಟ, ಬೌಲರ್ ಮಣಿಕಟ್ಟು ಹೇಗೆ ತಿರುಗಿಸಿದ ಎಂದು ಬರೆಯುವವರು ಕಡಿಮೆಯಾಗಿದ್ದಾರೆ. ನೋಡಿ ಬರೆಯುವ ಅಭ್ಯಾಸ ತಪ್ಪಿದರೆ ಓದುಗರಿಗೆ ನೋಡುವ ಅಭ್ಯಾಸವೂ ತಪ್ಪುತ್ತದೆ.

ನಿಮ್ಮ ಮಗ ಆ ಹುಡುಗನ ಆಟವನ್ನು ಎಷ್ಟೋ ಶನಿವಾರ ನೋಡಿ ಈ ಮಾತಿಗೆ ಬಂದಿದ್ದಾನೆ ಎಂದುಕೊಂಡಿದ್ದೇನೆ. ಏನು ಕಂಡನೆಂದು ಎರಡು ಪುಟ ಬರೆದು ಕಳಿಸಲು ಹೇಳಿ. ಕನ್ನಡ ಅಕ್ಷರ ಬಾರದಿದ್ದರೆ ಅವನು ಹೇಳಲಿ, ನೀವು ಬರೆದುಕೊಳ್ಳಿ. ಓಟದ ಸಮಯ ಅದರಲ್ಲಿ ಬೇಡ. ಈ ತಿಂಗಳ ಕೊನೆಯೊಳಗೆ ತಲುಪಿದರೆ ಮುಂದಿನ ಸಂಚಿಕೆಯಲ್ಲಿ ಹಾಕುತ್ತೇವೆ.

— ಸಂ.