ಹೋದ ವರ್ಷ ಹಕ್ಕಿ ಯಾಕೆ ಬರಲಿಲ್ಲ?

ಪ್ರಶ್ನೆ: ಹೋದ ವಸಂತದಲ್ಲಿ ಗುಬ್ಬಚ್ಚಿಗೆ ಅಂತ ಒಂದು ಗೂಡುಪೆಟ್ಟಿಗೆ ತಂದು ತೋಟದ ಮರಕ್ಕೆ ನೇತುಹಾಕಿದ್ದೆ. ಒಳಗೂ ಹೊರಗೂ ಚೆಂದದ ಬಣ್ಣ, ಬಾಗಿಲ ಮುಂದೆ ಕೂರಲು ಪುಟ್ಟ ಕೋಲು. ಹತ್ತಿ ಕೂಡ ಹಾಸಿದ್ದೆ. ಒಂದು ಹಕ್ಕಿಯೂ ಬರಲಿಲ್ಲ. ಈ ಸಲ ನಾನೇ ಮಾಡೋಣ ಅಂತಿದ್ದೇನೆ. ಹೇಗೆ ಮಾಡಲಿ?

ಉತ್ತರ: ನೀವೇ ಮಾಡಿ, ಕಷ್ಟವೇನಿಲ್ಲ. ಆ ಕೋಲು ಮಾತ್ರ ಬೇಡ. ಗುಬ್ಬಚ್ಚಿ ಹಲಗೆಯನ್ನೇ ಉಗುರಲ್ಲಿ ಹಿಡಿದು ಒಳಗೆ ನುಸುಳುತ್ತದೆ, ಕೋಲಿದ್ದರೆ ಕಾಗೆಗೋ ಬೆಕ್ಕಿಗೋ ಹಿಡಿತ ಸಿಗುತ್ತದೆ. ಹತ್ತಿಯೂ ಬೇಡ. ಅದರ ಎಳೆ ಮರಿಯ ಕಾಲಿಗೆ ಸುತ್ತಿಕೊಳ್ಳಬಹುದು. ಹುಲ್ಲು, ನಾರು, ಪುಕ್ಕ ಎಲ್ಲ ಅವೇ ಆರಿಸಿ ತರುತ್ತವೆ.

ತೂತಿನ ಅಳತೆಯಲ್ಲಿ ಮಾತ್ರ ಅಂದಾಜು ಮಾಡಬೇಡಿ. ಗುಬ್ಬಚ್ಚಿಗೆ 32 ಮಿ.ಮೀ. ಸಾಕು. ಅದಕ್ಕಿಂತ ಜಾಸ್ತಿ ಅಗಲ ಮಾಡಿದರೆ ಗೊರವಂಕದಂಥ ದೊಡ್ಡ ಹಕ್ಕಿ ಬಂದು ಪೆಟ್ಟಿಗೆಯನ್ನೇ ಕಸಿದುಕೊಳ್ಳುತ್ತದೆ. ತಳ ಸುಮಾರು 15 ಸೆಂ.ಮೀ. ಚೌಕ ಇರಲಿ. ತೂತು ತಳದಿಂದ ಕನಿಷ್ಠ 12.5 ಸೆಂ.ಮೀ. ಮೇಲಿರಬೇಕು, ಕೆಳಗಿದ್ದರೆ ಮರಿ ಹೊರಗೆ ಬೀಳುತ್ತದೆ, ಬೆಕ್ಕಿನ ಪಂಜವೂ ಒಳಗೆ ಎಟುಕುತ್ತದೆ. ಹಲಗೆ 15 ಮಿ.ಮೀ. ದಪ್ಪ ಇದ್ದರೆ ಒಳಗೆ ಬೇಗ ಕಾಯುವುದಿಲ್ಲ. ತಗಡಿನ ಡಬ್ಬಿಗೆ ತೂತು ಕೊರೆದು ನೇತುಹಾಕುವವರಿದ್ದಾರೆ, ದಯವಿಟ್ಟು ಹಾಗೆ ಮಾಡಬೇಡಿ, ಬಿಸಿಲಿಗೆ ಮರಿಗಳು ಬೆಂದುಹೋಗುತ್ತವೆ.

ಒಳಗೆ ಬಣ್ಣ, ವಾರ್ನಿಶ್ ಏನೂ ಬೇಡ. ತೂತಿನ ಕೆಳಗಿನ ಹಲಗೆಯ ಒಳಮೈಗೆ ಗರಗಸದಿಂದ ನಾಲ್ಕು ಗೀರು ಎಳೆಯಿರಿ. ಹಾರುವ ದಿನ ಬಂದಾಗ ಮರಿ ಅದನ್ನೇ ಹಿಡಿದು ಹತ್ತಿ ಬರುತ್ತದೆ. ತಳದಲ್ಲಿ ನೀರು ಇಳಿಯಲು ಎರಡು ಮೂರು ಸಣ್ಣ ತೂತು, ಮುಂದಕ್ಕೆ ಇಳಿಜಾರಾದ ಸೂರು, ಆ ಸೂರನ್ನು ತೆಗೆಯಲು ಒಂದು ಕೀಲು, ಇಷ್ಟಾದರೆ ಪೆಟ್ಟಿಗೆ ಮುಗಿಯಿತು. ಇನ್ನು ನೇತುಹಾಕಬೇಡಿ, ಅಲ್ಲಾಡುತ್ತದೆ. ಗೋಡೆಗೋ ಮರಕ್ಕೋ 2ರಿಂದ 4 ಮೀಟರ್ ಎತ್ತರದಲ್ಲಿ, ಮಧ್ಯಾಹ್ನದ ಬಿಸಿಲು ನೇರ ಬೀಳದ, ಮಳೆ ಒಳಗೆ ಎರಚದ ಕಡೆ ಗಟ್ಟಿಯಾಗಿ ಬಿಗಿಯಿರಿ. ಗುಬ್ಬಚ್ಚಿಗಳಿಗೆ ಗುಂಪಲ್ಲಿರುವುದು ಇಷ್ಟ, ಹಾಗಾಗಿ ಎರಡು ಮೂರು ಪೆಟ್ಟಿಗೆ ಹತ್ತಿರ ಹತ್ತಿರ ಇಟ್ಟರೆ ಬರುವ ಸಾಧ್ಯತೆ ಜಾಸ್ತಿ. ವಸಂತಕ್ಕೆ ಮೊದಲೇ ಇಡಿ. ಮೊದಲ ವರ್ಷ ಖಾಲಿ ಉಳಿದರೂ ಕೀಳಬೇಡಿ.

ಇನ್ನೊಂದು ಮಾತು ಹೇಳಲೇಬೇಕು. ದೊಡ್ಡ ಗುಬ್ಬಚ್ಚಿ ಕಾಳು ತಿನ್ನುತ್ತದೆ, ಆದರೆ ಮರಿಗೆ ಮೊದಲ ದಿನಗಳಲ್ಲಿ ಹುಳುವೇ ಬೇಕು. ಗಿಡಗಳಿಗೆ ಕೀಟನಾಶಕ ಹೊಡೆಯುತ್ತಾ ಗೂಡುಪೆಟ್ಟಿಗೆ ಇಟ್ಟರೆ ಮನೆ ಕೊಟ್ಟು ಊಟ ಕಸಿದ ಹಾಗೆ.

ಪ್ರಶ್ನೆ: ನಮ್ಮ ತೋಟಕ್ಕೆ ಪಿಕಳಾರ, ಸೂರಕ್ಕಿ ಬರುತ್ತವೆ. ಅವಕ್ಕೂ ಪೆಟ್ಟಿಗೆ ಇಡಬಹುದಾ?

ಉತ್ತರ: ಬೇಡ, ಅವು ಪೆಟ್ಟಿಗೆಯೊಳಗೆ ಬರುವುದಿಲ್ಲ. ಪಿಕಳಾರ ಪೊದೆಯಲ್ಲಿ ಬಟ್ಟಲಿನಂಥ ಗೂಡು ಕಟ್ಟುತ್ತದೆ, ಸೂರಕ್ಕಿಯದು ಕೊಂಬೆಗೆ ಜೋತುಬೀಳುವ ಗೂಡು. ಮೊದಲಿಂದ ಪೊಟರೆಯಲ್ಲೋ ಗೋಡೆಯ ಸಂದಿಯಲ್ಲೋ ಇರುವ ಹಕ್ಕಿಗಳಿಗಷ್ಟೇ ಪೆಟ್ಟಿಗೆ ಬೇಕು. ಮಡಿವಾಳ ಹಕ್ಕಿ ಆ ಪೈಕಿಯದು. ಪಿಕಳಾರಕ್ಕೆ ನೀವು ಮಾಡಬಹುದಾದ ದೊಡ್ಡ ಉಪಕಾರ ಅಂದರೆ ಗೂಡಿನ ಕಾಲದಲ್ಲಿ ಪೊದೆ ಕತ್ತರಿಸದೆ ಬಿಡುವುದು.

ಪ್ರಶ್ನೆ: ಪೆಟ್ಟಿಗೆಯಲ್ಲಿ ಮರಿ ಕೂಗು ಕೇಳಿಸುತ್ತಿದೆ! ತೆಗೆದು ನೋಡಬಹುದಾ?

ಉತ್ತರ: ನಿಮ್ಮ ಖುಷಿ ಅರ್ಥವಾಗುತ್ತದೆ, ಆದರೂ ತಡೆದುಕೊಳ್ಳಿ. ಗುಬ್ಬಚ್ಚಿ ಮರಿ ಎರಡು ವಾರದ ಸುಮಾರಿಗೆ ಹಾರುತ್ತದೆ. ಅದಕ್ಕೆ ಮುಂಚೆ ಮುಚ್ಚಳ ತೆಗೆದರೆ ಬೆದರಿ ಹೊರಗೆ ಹಾರಿಬಿಡಬಹುದು. ದೂರ ಕೂತು ತಾಯಿ ತಂದೆ ಹುಳು ತರುವುದನ್ನು ನೋಡಿ, ಅದೇ ಎಷ್ಟು ಚೆಂದ. ಪುಕ್ಕ ಬಂದ ಮರಿ ನೆಲದಲ್ಲಿ ಕುಪ್ಪಳಿಸುತ್ತಿದ್ದರೆ ಎತ್ತಿಕೊಂಡು ಒಳಗೆ ತರಬೇಡಿ, ಸಾಮಾನ್ಯವಾಗಿ ತಾಯಿ ಹತ್ತಿರದಲ್ಲೇ ಇರುತ್ತದೆ. ಬೆಕ್ಕಿದ್ದರೆ ಅದನ್ನು ಮನೆಯೊಳಗೆ ಕೂಡಿಹಾಕಿ. ಗೂಡಿನ ಕಾಲ ಪೂರ್ತಿ ಮುಗಿದ ಮೇಲೆ ಹಳೇ ಗೂಡು ತೆಗೆದು, ಪೆಟ್ಟಿಗೆಗೆ ಕುದಿನೀರು ಸುರಿದು, ಚೆನ್ನಾಗಿ ಒಣಗಿಸಿ ಮತ್ತೆ ಅಲ್ಲೇ ಬಿಗಿಯಿರಿ.